ಕಲ್ಲಿನ ಮಾರಿ

ಗದಿಗೆಮ್ಮ ಯಾರ ಮನೆಗೆ ಹೋದರೂ ಮೊದಲು ನೋಡುವುದು ನೆಲ, ಮನೆಯವರ ಮುಖ ಆಮೇಲೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳೆಂದರೆ ಹಿಮ್ಮಡಿಯಿಂದಲೇ ಆ ನೆಲದ ಜಾತಕ ಓದಿಬಿಡುತ್ತಾಳೆ: ಈ ಮೂಲೆಯಲ್ಲಿ ಗಾರೆ ಕಡಿಮೆ ಬಿದ್ದಿದೆ, ಆ ಕಲ್ಲು ಹಾಕುವಾಗ ಯಾರೋ ಚಹಾ ಕುಡಿಯಲು ಎದ್ದು ಹೋಗಿದ್ದಾರೆ, ಬಾಗಿಲ ಬುಡದ್ದು ಬರುವ ಮಳೆಗಾಲಕ್ಕೆ ಅಲುಗಾಡುತ್ತದೆ. ತಿಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುವ ಹೆಂಗಸೂ ಅಲ್ಲ. ಒಮ್ಮೆ ಬೀಗರ ಮನೆಯ ಕಾರ್ಯದಲ್ಲಿ ಊಟದ ಎಲೆಯ ಮುಂದೆ ಕೂತು, ಈ ನೆಲಕ್ಕೆ ಫರಸಿ ಕಲ್ಲು ಯಾರು ಹಾಕಿದರೋ ಅವರ ಕೈಗೆ ಕಜ್ಜಿ ಹತ್ತಲಿ ಅಂದುಬಿಟ್ಟಳು. ಹಾಕಿದವರು ಎದುರಿಗೆ ಹೋಳಿಗೆ ಬಡಿಸುತ್ತ ನಿಂತಿದ್ದ ಬೀಗರೇ. ಆ ದಿನ ಗದಿಗೆಮ್ಮನ ಎಲೆಗೆ ಎರಡನೇ ಹೋಳಿಗೆ ಬೀಳಲಿಲ್ಲ.

ಅವಳ ತವರು ಶಹಾಬಾದಿನ ಮಗ್ಗುಲ ಒಂದು ಹಳ್ಳಿ. ಅಲ್ಲಿ ನಾಲ್ಕು ಗುದ್ದಲಿ ಮಣ್ಣು ತೆಗೆದರೆ ಸಾಕು, ಕೆಳಗೆ ಕಲ್ಲು ಸಿಗುತ್ತದೆ, ರೊಟ್ಟಿ ಅಟ್ಟಿಯಿಟ್ಟ ಹಾಗೆ ಪದರಿನ ಮೇಲೆ ಪದರು. ಅವಳಪ್ಪ ಖಣಿಯಲ್ಲಿ ಉಳಿ ಹೊಡೆದು ಪದರು ಬಿಡಿಸುತ್ತಿದ್ದ, ಅವ್ವ ಹೊತ್ತು ಮೇಲೆ ತರುತ್ತಿದ್ದಳು. ತಾಯಪ್ಪನನ್ನು ಮದುವೆಯಾಗಿ, ವಾಡಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಇಳಿದಾಗ ಗದಿಗೆಮ್ಮನಿಗೂ ಬರುತ್ತಿದ್ದದ್ದು ಅದೊಂದೇ, ಹೊರುವುದು. ತಾಯಪ್ಪ ಮನೆಗಳಿಗೆ ಫರಸಿ ಹಾಕುವ ಮೇಸ್ತ್ರಿ. ಕಾಚಿಗೂಡದ ಹಿಂದಿನ ಬಸ್ತಿಯಲ್ಲಿ ಒಂದು ಕೋಣೆ ಹಿಡಿದು ಇಬ್ಬರೂ ಸಂಸಾರ ಹೂಡಿದರು. ಅವನು ದಾರ ಹಿಡಿದು ಕಲ್ಲು ಕೂಡಿಸಿದರೆ ಇವಳು ಗಾರೆ ಕಲಸಿ ಬುಟ್ಟಿ ಹೊತ್ತಳು.

ಆದರೆ ಬುಟ್ಟಿ ಹೊರುವವಳಿಗೂ ಕಣ್ಣಿರುತ್ತದಲ್ಲ! ತಾಯಪ್ಪ ಬೀಡಿ ಸೇದಲು ಹೊರಗೆ ಹೋದಾಗ ಒಂದು ಕಲ್ಲು ಇಟ್ಟಳು. ಅವನು ಬಂದು ಮಟ್ಟಗೋಲು ಇಟ್ಟು ನೋಡಿದ, ಗೊಣಗಿದ, ತೆಗೆಯಲಿಲ್ಲ. ಮರುದಿನ ಎರಡು ಇಟ್ಟಳು. ಹೀಗೇ ವರ್ಷಗಳು ಕಳೆದು, ಅರ್ಧ ಮನೆ ಅವಳ ಕೈಯಿಂದಲೇ ಆಗುತ್ತಿದ್ದರೂ ನೋಡಿದವರು ಹೇಳುತ್ತಿದ್ದದ್ದು, "ತಾಯಪ್ಪನ ಫರಸಿ ಅಂದ್ರ ತಾಯಪ್ಪನ ಫರಸಿ." ಗಂಡನಾದರೂ ಅಲ್ಲಪ್ಪಾ ಅದು ಇವಳದು ಅಂದನೇ? ಅನ್ನಲಿಲ್ಲ. ಹೊಗಳಿಕೆ ಯಾರಿಗೆ ಬೇಡ. ಇವಳಿಗೆ ಸೈಟಿನ ಮೇಲೆ ಹೆಸರೂ ಇರಲಿಲ್ಲ. "ಏ ಅಮ್ಮಾ" ಅಂದರೆ ಹೊರುವ ಹೆಂಗಸರಲ್ಲಿ ಯಾರಾದರೂ ಒಬ್ಬಳು ತಿರುಗಬೇಕು, ಅಷ್ಟೇ ಲೆಕ್ಕ.

ನಡುವೆ ಕೆಲವು ವರ್ಷ ಹೊಸ ಫರಸಿ ಹಾಕಿಸುವವರೇ ಇಲ್ಲದಾದರು. ಎಲ್ಲರಿಗೂ ಕನ್ನಡಿಯ ಹಾಗೆ ಹೊಳೆಯುವ ಟೈಲ್ಸ್ ಬೇಕಾಯಿತು. ಆಗ ಗಂಡಹೆಂಡತಿ ಹಳೆಯ ಮನೆಗಳ ನೆಲ ಎಬ್ಬಿಸುವ ಕೆಲಸ ಹಿಡಿದರು. ಅಬಿಡ್ಸ್ ಕಡೆ, ಕೋಠಿ ಕಡೆ, ನಿಜಾಮರ ಕಾಲದ ಮನೆಗಳು ಬೀಳುತ್ತಿದ್ದವು. ಅವುಗಳ ಫರಸಿಯನ್ನು ಒಡೆಯದೆ ಎತ್ತಿ ಕೊಟ್ಟರೆ ಹಳೇ ಸಾಮಾನಿನ ಅಂಗಡಿಯವರು ಕೊಳ್ಳುತ್ತಿದ್ದರು. ಕಲ್ಲು ಹಾಕುವುದಕ್ಕಿಂತ ಎಬ್ಬಿಸುವುದು ಕಷ್ಟ. ತಾಯಪ್ಪನಿಗೆ ಅವಸರ ಹೆಚ್ಚು, ಹಾರೆ ಹಾಕಿದನೆಂದರೆ ಒಂದಲ್ಲ ಒಂದು ಮೂಲೆ ಹಾರುತ್ತಿತ್ತು. ಗದಿಗೆಮ್ಮ ಹಾರೆಯನ್ನು ಮುಟ್ಟುತ್ತಲೇ ಇರಲಿಲ್ಲ. ಸಂದಿಯ ಗಾರೆಯನ್ನು ಹಳೇ ಆಕ್ಸಾ ಬ್ಲೇಡಿನಿಂದ ಕೆರೆದು, ನೀರು ಹನಿಸಿ, ತೆಳು ಬಿದಿರ ಬೆಣೆಗಳನ್ನು ಸುತ್ತ ನೆಟ್ಟು, ಎಲೆ ಅಡಿಕೆ ಹಾಕಿಕೊಂಡು ಕೂತುಬಿಡುತ್ತಿದ್ದಳು. ನೀರು ಕುಡಿದ ಬಿದಿರು ಉಬ್ಬಿ ತಾನೇ ಕಲ್ಲನ್ನು ಎತ್ತುತ್ತಿತ್ತು. ಒಳಗಿನಿಂದ ಸಣ್ಣಗೆ ಉಸಿರು ಬಿಟ್ಟಂಥ ಸದ್ದು ಬಂದರೆ, "ಬಿಡ್ತು ನೋಡು," ಅನ್ನುತ್ತಿದ್ದಳು.

ಆಮೇಲೆ ತಾಯಪ್ಪನ ಮೊಣಕಾಲು ಹೋದವು. ಫರಸಿ ಹಾಕುವವರ ಮೊಣಕಾಲು ಎಂದಿದ್ದರೂ ಹೋಗುವವೇ. ಅವನು ಮನೆ ಹಿಡಿದ ಮೇಲೆ ನಾಲ್ಕೈದು ಜನರ ತಂಡ ಗದಿಗೆಮ್ಮನ ಕೈಗೆ ಬಂತು. ಅದರಲ್ಲಿ ತಾಯಪ್ಪನ ತಮ್ಮ ಅಂಬಾದಾಸನೂ ಒಬ್ಬ. ಕೆಲಸಗಾರ ಒಳ್ಳೆಯವನೇ, ಆದರೆ ವೈನಿಯ, ಅಂದರೆ ಅತ್ತಿಗೆಯ, ಮಾತು ಕೇಳಬೇಕಲ್ಲ ಎಂದು ಮುಖ ಗಂಟು ಹಾಕಿಕೊಂಡೇ ಇರುವ ಪ್ರಾಣಿ. ಕೆಲಸ ಕೊಡುವವರೂ ತಾಯಪ್ಪನಿಗೇ ಫೋನು ಮಾಡುತ್ತಿದ್ದರು, ತಾಯಪ್ಪ ಮಂಚದ ಮೇಲೆ ಕೂತೇ ಹೂಂ ಅನ್ನುತ್ತಿದ್ದ. ಕೈ ಇವಳದು, ಹೆಸರು ಅವನದು. ಗದಿಗೆಮ್ಮ ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ, ಆದರೆ ಒಳಗೆ ಒಂದು ಆಸೆ ಸುಡುತ್ತಿತ್ತು. ಸಾಯುವುದರೊಳಗೆ ಒಂದು ಕೆಲಸವಾದರೂ ತನ್ನ ಹೆಸರಿನಲ್ಲಿ ಆಗಬೇಕು, ಒಂದು ದಿನವಾದರೂ ತನ್ನನ್ನು ಮೇಸ್ತ್ರಿ ಅನ್ನಬೇಕು.

ಆ ಕೆಲಸ ತಂದುಕೊಟ್ಟವಳು ಪ್ರಿಯಂವದಾ. ಕೋಠಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಕಲಬುರ್ಗಿ ಕಡೆಯವರ ಮಗಳು. ಅಪ್ಪನ ಹಾಗೆ ಥಾನು ಅಳೆಯುವುದನ್ನು ಬಿಟ್ಟು ಕಲ್ಲುಮಣ್ಣಿನ ಶಾಸ್ತ್ರ ಓದಿ, ವರ್ಷದಲ್ಲಿ ಅರ್ಧ ಕಾಲ ರಾಜಸ್ಥಾನದ ಮರುಭೂಮಿಯಲ್ಲಿ ಬಿಸಿಲಿಗೆ ಬೇಯುವ ಹೆಂಗಸು. ತಮ್ಮ ಮನೆಗೆ ತಾಯಪ್ಪ ನೆಲ ಹಾಕುವಾಗ ಯಾರು ಬೀಡಿ ಸೇದುತ್ತಿದ್ದರು, ಯಾರು ಕಲ್ಲು ಕೂಡಿಸುತ್ತಿದ್ದರು ಎಂಬುದನ್ನು ಅವಳು ಚಿಕ್ಕಂದಿನಲ್ಲೇ ನೋಡಿದ್ದಳು, ಮರೆತಿರಲಿಲ್ಲ. ಈಗ ಉಪ್ಪಲ್ ಕಡೆ ಒಂದು ಟ್ರಸ್ಟಿನವರು ಮಕ್ಕಳಿಗಾಗಿ ವಿಜ್ಞಾನದ ಅಂಗಳ ಮಾಡುತ್ತಿದ್ದರು. ಅದರಲ್ಲಿ ಪ್ರಿಯಂವದಾ ಯೋಜಿಸಿದ್ದು ಒಂದು ಮೆಟ್ಟಿಲ ಸಾಲು. ಜೈಸಲ್ಮೇರದ ಮರಳುಗಾಡಿನ ಕೆಳಗಿರುವ ಕಲ್ಲಿನ ಪದರುಗಳನ್ನು ಒಂದೊಂದಾಗಿ ತಂದು, ಅಲ್ಲಿ ಇದ್ದ ಕ್ರಮದಲ್ಲೇ, ಹಳೆಯದು ಕೆಳಗೆ ಹೊಸದು ಮೇಲೆ, ಮೆಟ್ಟಿಲು ಮಾಡಿ ಕೂಡಿಸುವುದು. ಮಕ್ಕಳು ಬರಿಗಾಲಲ್ಲಿ ಹತ್ತುತ್ತ ಹೋದರೆ ಕಾಲದೊಳಗೇ ನಡೆದ ಹಾಗೆ.

ಗುತ್ತಿಗೆ ದಿನೇಶ ಎಂಬುವನದು. ಹೆಂಗಸು ಮೇಸ್ತ್ರಿ ಅಂದ ಕೂಡಲೇ ಅವನು ನಕ್ಕ. ಪ್ರಿಯಂವದಾ ನಗಲಿಲ್ಲ, ಗದಿಗೆಮ್ಮನೇ ಮಾಡಬೇಕು, ಗದಿಗೆಮ್ಮನ ಹೆಸರಲ್ಲೇ ಆಗಬೇಕು ಎಂದು ಪಟ್ಟು ಹಿಡಿದಳು. ಕೊನೆಗೆ ಅವನು ಒಪ್ಪಿದ್ದು ಒಂದು ಕರಾರಿನ ಮೇಲೆ: ಕೆಲಸ ಕೆಟ್ಟರೆ ಅವತ್ತೇ ಬೇರೆ ಮೇಸ್ತ್ರಿಯನ್ನು ತಂದು ನಿಲ್ಲಿಸುತ್ತೇನೆ, ಆಮೇಲೆ ಈಕೆ ನನ್ನ ಸೈಟಿನಲ್ಲಿ ಬುಟ್ಟಿ ಹೊರುವುದಾದರೆ ಹೊರಲಿ. ಗದಿಗೆಮ್ಮ ಅದನ್ನು ಕೇಳಿಸಿಕೊಂಡು ತಲೆಯಾಡಿಸಿದಳು. ಮನೆಗೆ ಹೋಗಿ ತಾಯಪ್ಪನಿಗೆ ಹೇಳಿದರೆ ಅವನು, ಹಂಗಾದರೆ ನನಗೆ ಫೋನು ಬರುವುದಿಲ್ಲವೇನು ಎಂದು ಕೇಳಿದ.

ಕೆಲಸ ಸುರುವಾಗುವ ಮೊದಲು ಪ್ರಿಯಂವದಾ ಇವಳನ್ನು ಕೂಡಿಸಿಕೊಂಡು ಆ ಕಲ್ಲಿನ ಕತೆ ಹೇಳಿದ್ದಳು. ಮೊದಲು ಅಲ್ಲಿ ನದಿಗಳು ಹರಿಯುತ್ತಿದ್ದವು, ದಂಡೆಯ ಮೇಲೆ ದೊಡ್ಡ ದೊಡ್ಡ ಮರಗಳು. ಬಿದ್ದ ಮರಗಳು ಮರಳಿನಲ್ಲಿ ಹೂತು ಕಲ್ಲಾಗಿ ಇನ್ನೂ ಅಲ್ಲೇ ಇವೆ. ಆಮೇಲೆ ನೆಲ ತಗ್ಗಾಗುತ್ತ ಹೋಗಿ ಸಮುದ್ರ ಒಳಗೆ ಬಂತು, ಆಳವಿಲ್ಲದ ಬೆಚ್ಚನೆಯ ಸಮುದ್ರ. ಅದರ ತಳದಲ್ಲಿ ಮರಳು, ಸುಣ್ಣದ ಕೆಸರು, ಸಿಂಪಿಯ ಚಿಪ್ಪು ಒಂದರ ಮೇಲೊಂದು ಕೂತು ಕೂತು ಗಟ್ಟಿಯಾದದ್ದೇ ಈಗಿನ ಹಳದಿ ಕಲ್ಲು. ಮರಳುಗಾಡಾಗಿದ್ದು ಮೊನ್ನೆ ಮೊನ್ನೆ.

ಗದಿಗೆಮ್ಮ ಎಲ್ಲ ಕೇಳಿ, ಕುಡಿಯುವ ನೀರಿಗೆ ಹೆಂಗಸರು ಮೈಲಿಗಟ್ಟಲೆ ಕೊಡ ಹೊರುವ ಕಡೆ ಸಮುದ್ರವಿತ್ತು ಅಂತೀರಲ್ಲ, ನಂಬೋದು ಹೆಂಗ ಎಂದು ಕೇಳಿದಳು. ನಿಮ್ಮ ಶಹಾಬಾದಿನ ಫರಸಿಯೂ ಸಮುದ್ರದ ಕೆಸರೇ, ಇದಕ್ಕಿಂತ ಎಷ್ಟೋ ಪಟ್ಟು ಹಳೆಯದು ಎಂದಳು ಪ್ರಿಯಂವದಾ. ಆ ಮಾತಿಗೆ ಗದಿಗೆಮ್ಮ ನಿಜವಾಗಿ ಬೆರಗಾದಳು. ಇಷ್ಟು ವರ್ಷ ಜನರ ಮನೆಯೊಳಗೆ ತಾನು ಹಾಸಿದ್ದು ಸಮುದ್ರದ ತಳವೇ? ಸಂಜೆ ಬಸ್ತಿಗೆ ಬಂದು ತನ್ನ ಕೋಣೆಯ ಫರಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಗ್ಗಿ ನೋಡಿದಳು, ಏನೂ ಕಾಣಲಿಲ್ಲ.

ಇನ್ನು ತಪ್ಪಾದ ಸಂಗತಿ. ಕೊನೆಯ ಕೆಲವು ಕಲ್ಲಿಗೆ ಪರವಾನಗಿ ಸಿಗುವುದು ತಡವಾಗಿ ಪ್ರಿಯಂವದಾ ಮರುಭೂಮಿಯಲ್ಲೇ ಉಳಿದಳು, ಉಳಿದ ಕಲ್ಲಿನ ಲಾರಿ ಮೊದಲೇ ಬಂತು. ಒಂದೊಂದು ಹಾಸುಗಲ್ಲಿನ ಅಂಚಿಗೂ ಬಣ್ಣದಲ್ಲಿ ಸಂಖ್ಯೆ ಬರೆದಿತ್ತು, ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಬಾಣ. ಸಂಖ್ಯೆ ಎಂದರೆ ಯಾವುದರ ಮೇಲೆ ಯಾವುದು ಎಂಬುದು, ಅದು ಗದಿಗೆಮ್ಮನಿಗೆ ತಿಳಿದಿತ್ತು. ಬಾಣ ಯಾಕೆ? ಲಾರಿಯಲ್ಲಿ ಹೇರುವವರು ಹಾಕಿಕೊಂಡ ಗುರುತು ಇರಬೇಕು ಅಂದುಕೊಂಡಳು. ಅವಳ ಕಸುಬಿನಲ್ಲಿ ಖಣಿಯ ಗುರುತು ಖಣಿಗೆ, ಹಾಕುವ ಮೊದಲು ಕಲ್ಲನ್ನು ಚೊಕ್ಕ ತೊಳೆಯಬೇಕು. ತೊಳೆಸಿದಳು. ಸಂಖ್ಯೆ ಉಳಿಯಿತು, ಬಾಣ ಹೋಯಿತು.

ಆದರೂ ಒಂದು ಅನುಮಾನ ಬಂದು ಫೋನು ಮಾಡಿಸಿದಳು. ಅಲ್ಲಿಂದ ಮಾತು ಕಡಿದು ಕಡಿದು ಬರುತ್ತಿತ್ತು. ಕಲ್ಲು ಹೆಂಗ ಇಡಬೇಕು ಎಂದು ಇವಳು ಕೇಳಿದಳು. ಪ್ರಿಯಂವದಾ ಮನೆಯ ಕನ್ನಡದಲ್ಲಿ ಒದರಿ ಹೇಳಿದಳು, "ಮಾರಿ ಮ್ಯಾಲ ಬರೂ ಹಂಗ ಇಡ್ರಿ ಅಕ್ಕಾ, ಅಷ್ಟ ಸಾಕು."

ಕಲಬುರ್ಗಿ ಕಡೆಯವರಿಗೆ ಮಾರಿ ಎಂದರೆ ಮುಖ. ಪ್ರಿಯಂವದಾಳ ಮನಸ್ಸಿನಲ್ಲಿದ್ದದ್ದು, ಆ ಪದರು ಹುಟ್ಟಿದ ದಿನ ಆಕಾಶಕ್ಕೆ ತೋರಿಸಿದ್ದ ಮುಖ, ಬಾಣ ತೋರಿಸುವ ಮುಖ. ಫರಸಿ ಹಾಕುವವರಲ್ಲಿ ಮಾರಿಗೆ ಬೇರೆಯೇ ಅರ್ಥ. ಎರಡು ಮಗ್ಗುಲಲ್ಲಿ ಯಾವುದು ನುಣುಪೋ, ಯಾವುದರ ಮೇಲೆ ಕಾಲಿಡಬಹುದೋ ಅದು ಕಲ್ಲಿನ ಮಾರಿ. ಇನ್ನೊಂದು ಬೆನ್ನು, ಅದು ಗಾರೆಗೆ. ಅದು ಭೂಮಿಯೊಳಗೆ ಹೇಗೆ ಮಲಗಿತ್ತು ಎಂದು ಯಾವ ಮೇಸ್ತ್ರಿಯೂ ಇಲ್ಲಿಯವರೆಗೆ ಕೇಳಿದ್ದಿಲ್ಲ. ಹೀಗಾಗಿ ಗದಿಗೆಮ್ಮ ಪ್ರತಿಯೊಂದು ಕಲ್ಲನ್ನೂ ನಿಲ್ಲಿಸಿ, ಸವರಿ, ಅಲೆ ಅಲೆಯಾಗಿ ಒರಟಾಗಿದ್ದ ಮಗ್ಗುಲನ್ನು ಕೆಳಗೆ ಮಾಡಿ, ನುಣುಪಾದದ್ದನ್ನು ಮೇಲೆ ಮಾಡಿ ಕೂಡಿಸುತ್ತ ಹೋದಳು. ಹಳದಿ ಕಲ್ಲಿಗೆ ಸಿಮೆಂಟು ಕಲೆ ಹಿಡಿಯುತ್ತದೆ ಎಂದು ಸುಣ್ಣ ಮರಳಿನ ಮೆದು ಗಾರೆ ಕಲಸಿದಳು. ಮಟ್ಟಗೋಲು ಇಟ್ಟರೆ ಗುಳ್ಳೆ ನಡುವಿನಿಂದ ಕದಲಬಾರದು, ಅಂಥ ಕೆಲಸ. ಅಂಬಾದಾಸ ಕೂಡ ಮುಖದ ಗಂಟು ಸಡಿಲಿಸಿ, ವೈನಿ, ಛಲೋ ಕುಂತಾವ ಅಂದ.

ಪ್ರಿಯಂವದಾ ಬಂದದ್ದು ಒಂದು ಮುಂಜಾನೆ, ರೈಲಿನಿಂದ ಇಳಿದವಳು ನೇರ ಅಲ್ಲಿಗೇ. ಮೆಟ್ಟಿಲು ಅರ್ಧಕ್ಕಿಂತ ಮೇಲೆ ಎದ್ದಿದ್ದವು. ಗದಿಗೆಮ್ಮ ಸೆರಗಿನಿಂದ ಕೊನೆಯ ಕಲ್ಲನ್ನು ಒರೆಸಿ, ಹೊಗಳಿಕೆಗೆ ಕಾಯುತ್ತ ಪಕ್ಕಕ್ಕೆ ನಿಂತಳು. ಪ್ರಿಯಂವದಾ ಚಪ್ಪಲಿ ಬಿಟ್ಟು ಒಂದು ಮೆಟ್ಟಿಲು ಹತ್ತಿದಳು, ಇನ್ನೊಂದು ಹತ್ತಿದಳು, ಅಲ್ಲೇ ಕುಕ್ಕರಿಸಿದಳು.

"ಅಲೆ ಎಲ್ಲಿ ಹೋದವು ಅಕ್ಕಾ?" ಎಂದು ಕೇಳಿದಳು.

ನೀರು ಮರಳಿನ ಮೇಲೆ ಮೂಡಿಸಿದ್ದ ಆ ಅಲೆಗಳು ಕೆಳಗೆ ಗಾರೆಯಲ್ಲಿದ್ದವು. ಸಿಂಪಿಗಳೂ ಅಲ್ಲೇ, ಹುಳಗಳು ತೋಡಿದ ಬಿಲದ ಬಾಯಿಗಳೂ ಅಲ್ಲೇ. ಮಕ್ಕಳ ಕಾಲಿಗೆ ತಾಗಬೇಕಾದದ್ದೆಲ್ಲ ಬೋರಲಾಗಿ ಮಲಗಿತ್ತು. ಎರಡು ಮಾತು ಆಡುವಷ್ಟರಲ್ಲಿ ಇಬ್ಬರಿಗೂ ಆದದ್ದೇನು ಎಂದು ತಿಳಿಯಿತು. ಅಂಬಾದಾಸ ಹಿಂದಿನಿಂದ, ಗುರುತು ಸರಿ ಹಾಕದೆ ಕಳಿಸಿದವರ ತಪ್ಪು, ನಮದೇನೈತಿ ಎಂದು ಸುರು ಮಾಡಿದ. ಗದಿಗೆಮ್ಮ ತಿರುಗಿ, ಕುಣಿಯಾಕ ಬರದಾಕಿ ಅಂಗಳ ಡೊಂಕು ಅಂದಳಂತ, ಬಾಯಿ ಮುಚ್ಚು ಅಂದಳು.

ಪ್ರಿಯಂವದಾ ದಿನೇಶನಿಗೆ ಫೋನು ಮಾಡಲೇಬೇಕಾಯಿತು. ಅವನು ಊರಲ್ಲಿರಲಿಲ್ಲ, ನಾಳೆ ಬೆಳಿಗ್ಗೆ ಬೇರೆ ಮೇಸ್ತ್ರಿಯನ್ನು ಕರೆದುಕೊಂಡೇ ಬರುತ್ತೇನೆ ಎಂದ. ಇಂಥ ಕಲ್ಲು ಇನ್ನೊಮ್ಮೆ ಸಿಗುವುದಿಲ್ಲ, ಎಬ್ಬಿಸುವಾಗ ಒಡೆದರೆ ಅಲ್ಲಿಗೆ ಮುಗಿಯಿತು, ಹೀಗೇ ಬಿಟ್ಟುಬಿಡೋಣವೇ ಎಂದು ಪ್ರಿಯಂವದಾ ತನಗೆ ತಾನೇ ಹೇಳಿಕೊಳ್ಳುತ್ತ ಕೂತಿದ್ದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಅಷ್ಟು ವರ್ಷ ಬಿಸಿಲಿನಲ್ಲಿ ತಿರುಗಿ ಆರಿಸಿದ ಕಲ್ಲುಗಳು, ಬರುವುದಿಲ್ಲವೇ ನೀರು?

ಗದಿಗೆಮ್ಮ ಅಷ್ಟರಲ್ಲಿ ಬಿದಿರು ಸೀಳುತ್ತಿದ್ದಳು.

ಆ ದಿನ ಅವಳು ಮಾಡಿದ ಕೆಲಸವನ್ನು ನೋಡಿದವರು ಇವತ್ತಿಗೂ ಹೇಳುತ್ತಾರೆ. ಹಾರೆ, ಸುತ್ತಿಗೆ ಎಲ್ಲವನ್ನೂ ದೂರ ಇಡಿಸಿದಳು. ಗಾರೆ ಇನ್ನೂ ಹಸಿ ಸುಣ್ಣದ್ದು, ಪೂರ್ತಿ ಹಿಡಿದಿರಲಿಲ್ಲ. ಮೇಲಿನ ಮೆಟ್ಟಿಲಿನಿಂದ ಸುರು ಮಾಡಿ ಸಂದಿ ಕೆರೆದಳು, ಬೆಣೆ ನೆಟ್ಟಳು, ಬಟ್ಟೆ ಅದ್ದಿ ನೀರು ಹಿಂಡಿದಳು. ಆಮೇಲೆ ಕಲ್ಲಿನ ಮೇಲೆ ಕಿವಿಯಿಟ್ಟು ಮಲಗಿಯೇಬಿಟ್ಟಳು. ಬಿಸಿಲು ಏರುತ್ತಿತ್ತು. ಮಾತಾಡಿದವರಿಗೆ ಕೈಸನ್ನೆಯಲ್ಲೇ ಬೈದಳು. ಕೊನೆಗೆ ಎದ್ದು ಕೂತು, ಬಿಡ್ತು ನೋಡು ಅಂದಾಗ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಿದರು, ಕಲ್ಲು ಇಡಿಯಾಗಿ ಎದ್ದುಬಂತು.

ತಿರುಗಿಸಿ ನೋಡಿದರೆ ಅಲೆಗಳ ತಗ್ಗಿನಲ್ಲೆಲ್ಲ ಗಾರೆ. ಅಂಬಾದಾಸ ಅಭ್ಯಾಸಬಲದಿಂದ ಆಸಿಡ್ ಕ್ಯಾನು ತಂದ. ಮೇಸ್ತ್ರಿಗಳೆಲ್ಲ ಅದರಲ್ಲೇ ತೊಳೆಯುವುದು. ಪ್ರಿಯಂವದಾ ಓಡಿ ಬಂದು ಅಡ್ಡ ನಿಂತಳು: ಇದು ಸುಣ್ಣದ ಕಲ್ಲು, ಆಸಿಡ್ ಬಿದ್ದರೆ ಸಿಂಪಿಯೆಲ್ಲ ನೊರೆಯಾಗಿ ಹೋಗುತ್ತದೆ. ಹಲ್ಲುಜ್ಜುವ ಹಳೇ ಬ್ರಷ್ಷುಗಳು ಬಂದವು, ಬಿದಿರ ಕಡ್ಡಿ ಬಂದವು, ಎಲ್ಲರೂ ಅಕ್ಕಿ ಆರಿಸುವವರ ಹಾಗೆ ಕೂತು ಒಂದೊಂದೇ ಕಣ ಬಿಡಿಸಿದರು.

ಇನ್ನೊಂದು ತೊಡಕಿತ್ತು. ಬಾಣಗಳು ಹೋಗಿದ್ದವಲ್ಲ, ಎಲ್ಲ ಕಲ್ಲೂ ತಲೆಕೆಳಗಾಗಿರಲಿಲ್ಲ. ಕೆಲವದರಲ್ಲಿ ನುಣುಪು ಮಗ್ಗುಲೇ ನಿಜವಾದ ಮೇಲ್ಮುಖ, ಕೆಲವದರಲ್ಲಿ ಎರಡೂ ಕಡೆ ಅಲೆ. ಅಚ್ಚೊತ್ತಿದ ಹಾಗೆ ಕೆಳಗಿನ ಪದರಿನ ಅಲೆ ಮೇಲಿನ ಪದರಿನ ಬೆನ್ನಿಗೂ ಮೂಡಿರುತ್ತದೆ. ಯಾವುದು ಹುಟ್ಟಿದ್ದು, ಯಾವುದು ಅಚ್ಚು? ಪ್ರಿಯಂವದಾ ಕಲ್ಲಿನ ಮುಂದೆ ಕೂತು ಕಲಿಸಿದಳು. ನೀರಿನ ತೂಗಾಟ ಮಾಡಿದ ಅಲೆಗೆ ದಿಬ್ಬ ಚೂಪು, ತಗ್ಗು ದುಂಡು. ಅಚ್ಚಿನಲ್ಲಿ ಅದು ಉಲ್ಟಾ. ಸಿಂಪಿಯ ಬಿಡಿ ಚಿಪ್ಪು ನೀರಿನ ಹೊಡೆತಕ್ಕೆ ಬೋಗುಣಿ ಬೋರಲು ಹಾಕಿದಂತೆ ಬೆನ್ನು ಮೇಲೆ ಮಾಡಿ ನಿಲ್ಲುವುದೇ ಹೆಚ್ಚು. ಹುಳದ ಬಿಲ ಮೇಲಿನಿಂದ ಕೆಳಗೆ ಇಳಿಯುತ್ತದೆ.

ಗದಿಗೆಮ್ಮ ಅಂಕಿ ಬಿಟ್ಟರೆ ಓದಲು ಬಾರದವಳು. ಆಧಾರಿನ ಯಂತ್ರ ಕೂಡ ಅವಳ ಹೆಬ್ಬೆರಳನ್ನು ಹಿಡಿಯುವುದಿಲ್ಲ, ಗೆರೆಗಳನ್ನೆಲ್ಲ ಸುಣ್ಣ ಸಿಮೆಂಟು ತಿಂದಿವೆ. ಆ ಬೆರಳನ್ನೇ ಅಲೆಯ ಮೇಲೆ ಆಡಿಸಿದಳು. ತಪ್ಪು ಹೇಳಿದಳು. ಮತ್ತೆ ಆಡಿಸಿದಳು, ಮತ್ತೆ ತಪ್ಪು. ಮೂರನೇ ಸಲ ಕಣ್ಣು ಮುಚ್ಚಿ ಸವರುತ್ತಿದ್ದವಳು ಸಟಕ್ಕನೆ ಕೈ ಎತ್ತಿದಳು. "ಅಕ್ಕೋರ, ಇದು ನಮ್ಮೂರ ಕಾಗಿಣಾ ಹೊಳಿ ಇಳದ ಮ್ಯಾಲಿನ ಮಳಲು ಐತಿ. ಸಣ್ಣಾಕಿದ್ದಾಗ ಇದರ ಮ್ಯಾಲ ನಡದೀನಿ, ಅಂಗಾಲಿಗಿ ಹಿಂಗ ಕಚಗುಳಿ ಆಗ್ತಿತ್ತು," ಅಂದಳು. ಈ ಸಲ ಸರಿ. ಊರಿನ ಶಾಲೆಯ ಟೀಚರಮ್ಮನನ್ನು ಕರೆಯುತ್ತಿದ್ದ ಹಾಗೆ ಪ್ರಿಯಂವದಾಳನ್ನು ಅವಳು ಅಕ್ಕೋರ ಎಂದೇ ಕರೆಯುತ್ತಿದ್ದಳು. ಅಲ್ಲಿಂದ ಮುಂದೆ ಒಬ್ಬಳು ಕಣ್ಣಿನಿಂದ, ಒಬ್ಬಳು ಬೆರಳಿನಿಂದ ನೋಡಿ, ಇಬ್ಬರೂ ಒಂದೇ ಮಾತು ಹೇಳಿದರೆ ಮಾತ್ರ ಬಣ್ಣದಲ್ಲಿ ಬಾಣ ಬರೆಯುವುದೆಂದು ಗೊತ್ತುಮಾಡಿಕೊಂಡರು.

ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ಸಿಂಪಿ ತುಂಬಿದ್ದ ಒಂದು ಚೆಂದದ ಕಲ್ಲು ಎತ್ತುವಾಗಲೇ ಮೂಲೆ ಕಳಚಿಕೊಂಡಿತು. ಗದಿಗೆಮ್ಮ ಆ ತುಂಡನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಪ್ರಿಯಂವದಾ ಬಂದು, ಭೂಮಿಯೊಳಗೇ ಅದರಲ್ಲಿ ಬಿರುಕಿತ್ತು, ನೋಡಿ ಇಲ್ಲಿ ಎಂದು ತೋರಿಸಿದರೂ ಸಮಾಧಾನವಾಗಲಿಲ್ಲ. ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಟಿಕೆಟು ಕೇಳಿದ ಕಂಡಕ್ಟರನನ್ನೂ ಸುಮ್ಮನೆ ಬೈದಳು.

ಮರುದಿನ ಬೆಳಿಗ್ಗೆ ದಿನೇಶ ಬಂದ. ಹೇಳಿದ ಹಾಗೆಯೇ ಜೊತೆಯಲ್ಲಿ ಬಾಲಾನಗರದ ಒಬ್ಬ ತೆಲುಗು ಮೇಸ್ತ್ರಿ, ನರೆತ ಮೀಸೆಯವನು. ಮೆಟ್ಟಿಲ ಸಾಲು ಅರ್ಧ ಬಿಚ್ಚಿಕೊಂಡು ನಿಂತಿತ್ತು. ಎತ್ತಿದ ಕಲ್ಲುಗಳು ಗೋಣಿಚೀಲದ ಮೇಲೆ ಸಾಲಾಗಿ ಒರಗಿದ್ದವು. ದಿನೇಶನಿಗೆ ಕಂಡದ್ದು ಹಾಳಾದ ಕೆಲಸ ಮಾತ್ರ. ಅಂಗಳಕ್ಕೆಲ್ಲ ಕೇಳುವ ಹಾಗೆ, "ಇಕ್ಕಡ ಮೇಸ್ತ್ರಿ ಎವರು?" ಎಂದು ಕೂಗಿದ. ಇಲ್ಲಿ ಮೇಸ್ತ್ರಿ ಯಾರು? ಯಾರೆಂದು ಅವನಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು. ಸಿಟ್ಟಿನ ಪ್ರಶ್ನೆ ಅದು.

ಅಂಬಾದಾಸ ತಲೆ ತಗ್ಗಿಸಿದ. ಪ್ರಿಯಂವದಾ ಮುಂದೆ ಬಂದು, ತಪ್ಪು ತನ್ನದು, ಫೋನಿನಲ್ಲಿ ತಾನೇ ಒಂದು ಮಾತು ತಪ್ಪಾಗಿ ಹೇಳಿದೆ, ಏನಿದ್ದರೂ ತನ್ನನ್ನು ಕೇಳಬೇಕು ಎಂದಳು. ಅದು ಅರ್ಧ ನಿಜವೂ ಹೌದು. ಅವಳು ಹಾಗೆ ಹೇಳಿದ ಮೇಲೆ ದಿನೇಶನಿಗೆ ಜಗಳಕ್ಕೆ ದಾರಿಯಿರಲಿಲ್ಲ, ಟ್ರಸ್ಟಿನವರು ಅವಳ ಮಾತಿನ ಮೇಲೆ ನಡೆಯುವವರು. ಗದಿಗೆಮ್ಮ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಗಾಳಿ ಬಂದ ಹಾಗೆ ಬಂದು ಹೋಗುತ್ತಿತ್ತು.

ಗದಿಗೆಮ್ಮ ಕೈಯ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡು ಎದ್ದು ಬಂದಳು. ಮೊದಲು ಪ್ರಿಯಂವದಾಳ ಕಡೆ ತಿರುಗಿದಳು.

"ಅಕ್ಕೋರ, ನೀವು ಸುಮ್ಮನಿರ್ರಿ. ಬುಟ್ಟಿ ಹೊರಾಕಿಗಿ ತಪ್ಪು ಇರಂಗಿಲ್ರಿ. ಇಷ್ಟು ವರ್ಷ ಹೊತ್ತೀನಿ, ಗ್ವಾಡಿ ಬಿತ್ತು, ನೆಲ ಕುಸೀತು, ಒಬ್ಬರೂ ಬಂದು ಯಾಕ ಹಿಂಗಾತು ಅಂತ ನನ್ನ ಕೇಳಿಲ್ಲ. ಇವತ್ತು ಕೇಳಾಕತ್ತಾರ. ಅದನ್ನ ನೀವು ಕಸ್ಕೊಬ್ಯಾಡ್ರಿ."

ಆಮೇಲೆ ದಿನೇಶನ ಎದುರು ನಿಂತು, ತನಗೆ ಬರುವ ತೆಲುಗು ಹಿಂದಿ ಕಲಸಿ ಹೇಳಿದಳು: ಮೇಸ್ತ್ರಿ ನಾನು. ಗುರುತು ಏನೆಂದು ಕೇಳದೆ ತೊಳೆಸಿದವಳು ನಾನು, ಕಲ್ಲು ತಿರುಗಿಸಿದವಳೂ ನಾನು. ಒಂದರ ಮೂಲೆ ಹೋಗಿದೆ, ಅದೂ ನನ್ನ ಕೈಯಲ್ಲೇ. ಉಳಿದದ್ದನ್ನೆಲ್ಲ ಸರಿ ಮಾಡುತ್ತೇನೆ.

ಶುರುವಾಯಿತು ನೋಡಿ ದಿನೇಶನ ಬೈಗುಳ! ಇವಳ ಬುದ್ಧಿ, ಇವಳ ಕಣ್ಣು, ಇವಳ ಅವಸರ, ಒಂದನ್ನೂ ಬಿಡಲಿಲ್ಲ. ಗದಿಗೆಮ್ಮ ಮೇಸ್ತ್ರಿ, ನಿನ್ನನ್ನು ನಂಬಿದ್ದು ನನ್ನ ತಪ್ಪು ಅಂದ. ಗದಿಗೆಮ್ಮ ಮೇಸ್ತ್ರಿ, ಇಷ್ಟು ವರ್ಷದ ಕೈಗೆ ಇಷ್ಟೂ ತಿಳಿಯಬೇಡವೇ ಅಂದ. ಬಾಯಿ ಜೋರಿನ ಗದಿಗೆಮ್ಮ ಹೀಗೆ ನೆಟ್ಟಗೆ ನಿಂತು ಬೈಸಿಕೊಂಡದ್ದನ್ನು ಅಂಬಾದಾಸ ಜನ್ಮದಲ್ಲಿ ನೋಡಿರಲಿಲ್ಲ.

ಬೈದು ದಣಿದ ದಿನೇಶ, ಇನ್ನು ಮುಂದಿನದು ನೀನು ನೋಡಿಕೋ ಎಂದು ಬಾಲಾನಗರದವನಿಗೆ ಹೇಳಿದ. ಅವನು ಅಷ್ಟು ಹೊತ್ತೂ ಗೋಣಿಯ ಮೇಲಿನ ಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಒಂದೊಂದರ ಅಂಚಿಗೂ ಹೆಬ್ಬೆರಳು ಆಡಿಸಿ ಹಾರೆಯ ಪೆಟ್ಟು ಹುಡುಕುತ್ತಿದ್ದ. ಸಿಗಲಿಲ್ಲ. ಬಿದಿರ ಬೆಣೆಯೊಂದನ್ನು ಎತ್ತಿ ಮೂಸಿ ನೋಡಿದ. ಆಮೇಲೆ ಎದ್ದು, ಇವನ್ನು ಎತ್ತಿದ ಕೈಯೇ ಇಡಬೇಕು, ನಾನು ಮುಟ್ಟುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿ, ಇಲ್ಲಿ ಚಹಾ ಎಲ್ಲಿ ಸಿಗುತ್ತದೆ ಎಂದು ಅಂಬಾದಾಸನನ್ನು ಕೇಳಿದ. ದಿನೇಶ ಅವನ ಮುಖ ನೋಡಿದ, ಗದಿಗೆಮ್ಮನ ಮುಖ ನೋಡಿದ. ಮಕ್ಕಳು ಬರುವುದರೊಳಗೆ ಮುಗಿಯಬೇಕು ಎಂದಷ್ಟೇ ಹೇಳಿ ಗಾಡಿ ಹತ್ತಿದ.

ಮುಗಿಯಿತು, ಮಕ್ಕಳೂ ಬಂದರು, ಈಗಲೂ ಬರುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ನದಿಯ ಮರಳು, ಅದರ ಮೇಲೆ ಸಮುದ್ರದ ಅಲೆ, ಅದರ ಮೇಲೆ ಮೂಲೆ ಹೋದ ಸಿಂಪಿಯ ಕಲ್ಲು. ಆ ಮೂಲೆಯನ್ನು ಗದಿಗೆಮ್ಮ ತುಂಬಲಿಲ್ಲ, ಹೋದದ್ದು ಹೋದ ಹಾಗೇ ಇದೆ. ಆದರೆ ಅದೆಲ್ಲ ಆಮೇಲಿನ ಮಾತು.

ದಿನೇಶ ಬಂದು ಹೋದ ಆ ಸಂಜೆ ಗದಿಗೆಮ್ಮ ಬಸ್ಸಿನಲ್ಲಿ ಕೂರದೆ ನಿಂತೇ ಬಂದಳು, ಕೂರಲು ಆಗುತ್ತಲೇ ಇರಲಿಲ್ಲ. ಸುದ್ದಿ ಮೊದಲೇ ಬಸ್ತಿಗೆ ಮುಟ್ಟಿತ್ತು. ತಾಯಪ್ಪ ಬಾಗಿಲ ಚೌಕಟ್ಟು ಹಿಡಿದು ಮೊಣಕಾಲು ನೋಯುತ್ತಿದ್ದರೂ ನಿಂತೇ ಕಾಯುತ್ತಿದ್ದ. ಅವಳ ಮುಖ ನೋಡಲು ಅವನಿಗೆ ಭಯವಾಗಿತ್ತು.

"ಭಾಳ ಬೈದನೇನ?" ಎಂದು ಮೆಲ್ಲಗೆ ಕೇಳಿದ.

"ಬೈದ. ಎಲ್ಲಾರ ಮುಂದ ಬೈದ," ಅಂದಳು ಗದಿಗೆಮ್ಮ. ಕಣ್ಣು ತುಂಬಿಕೊಂಡಿದ್ದವು, ನಗುವೂ ತಡೆಯುತ್ತಿರಲಿಲ್ಲ. "ಗದಿಗೆಮ್ಮ ಮೇಸ್ತ್ರಿ ಅಂತ ಹೆಸರು ಹಿಡದು ಬೈದ."

ತಾಯಪ್ಪನೂ ಒಂದು ಕಾಲದ ಮೇಸ್ತ್ರಿಯೇ. ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಹೆಂಡತಿಯ ಹೆಗಲು ಹಿಡಿದು ಹೊಸ್ತಿಲ ಮೇಲೆ ನಿಧಾನವಾಗಿ ಕೂತ, ಅವಳನ್ನೂ ಪಕ್ಕಕ್ಕೆ ಕೂಡಿಸಿಕೊಂಡ.

"ಇನ್ನೊಮ್ಮೆ ಹೇಳು," ಅಂದ. "ಏನಂತ ಬೈದ?"

ಅವಳು ಮೊದಲಿನಿಂದ ಹೇಳಿದಳು.